ಹತ್ತು ಗಂಟೆಯೊಳಗಿನ ಉತ್ಸವ: ಹಳ್ಳಿಯ ಆಟ, ಗಾಯನ ಮತ್ತು ಮೈಕಿನ ಕುರಿತು

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. ನಮ್ಮ ಕಲಾ ಸಂಘದಿಂದ ಬರುವ ಫೆಬ್ರುವರಿಯಲ್ಲಿ ಎರಡು ದಿನಗಳ ಉತ್ಸವ ನಡೆಸಬೇಕೆಂದಿದ್ದೇವೆ. ಮೊದಲ ದಿನ ಸಂಜೆ ಹಿಂದೂಸ್ತಾನಿ ಗಾಯನ, ಎರಡನೆಯ ದಿನ ಯಕ್ಷಗಾನ. ಆದರೆ ಕಳೆದ ವರ್ಷದ ಅನುಭವದಿಂದ ಹಿಂಜರಿಕೆಯಾಗಿದೆ. ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಶುರುವಾದದ್ದು ಒಂಬತ್ತೂವರೆಗೆ. ಹನ್ನೊಂದರ ಹೊತ್ತಿಗೆ ಪೊಲೀಸರು ಬಂದು ಮೈಕ್ ನಿಲ್ಲಿಸಿದರು. ಹಳ್ಳದಾಚೆಯ ಕೇರಿಯಿಂದ ದೂರು ಹೋಗಿತ್ತಂತೆ. ವಿಚಿತ್ರವೆಂದರೆ, ನಮ್ಮ ಬಯಲಿನಲ್ಲೇ ಹಿಂದೆ ಕುಳಿತವರಿಗೆ, ಹಾಡುವ ಭಾಗವತರ ಪದ್ಯ ಒಂದಕ್ಷರವೂ ತಿಳಿಯಲಿಲ್ಲ. ಈ ಸಲ ಇನ್ನೂ ನಾಲ್ಕು ಬಾಕ್ಸ್ ಇಡೋಣ ಎಂದು ಮೈಕ್‌ನವರು ಹೇಳುತ್ತಾರೆ. ಮೈಕೇ ಇಲ್ಲದೆ ಬೆಳಗಿನ ತನಕ ಆಡಿಸಿದರೆ ಯಾರೂ ಕೇಳುವಂತಿಲ್ಲ ಎನ್ನುವುದು ಹಿರಿಯರ ಮಾತು. ಸಿನಿಮಾ ಹಾಡಿನ ಆರ್ಕೆಸ್ಟ್ರಾ ಸೇರಿಸದಿದ್ದರೆ ಜನವೇ ಬರುವುದಿಲ್ಲ ಎಂದು ಹುಡುಗರು ಪಟ್ಟು ಹಿಡಿದಿದ್ದಾರೆ. ಯಾರ ಮಾತನ್ನು ಕೇಳೋಣ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳಿವೆ. ಒಂದು ಕಾನೂನಿನದ್ದು, ಒಂದು ಧ್ವನಿಯದ್ದು, ಇನ್ನೊಂದು ಪ್ರೇಕ್ಷಕರದ್ದು. ಮೂರನ್ನೂ ಬೇರೆಬೇರೆಯಾಗಿ ಬಗೆಹರಿಸಲು ಹೊರಟಿರುವುದರಿಂದಲೇ ಸಂಘದಲ್ಲಿ ಮೂರು ಅಭಿಪ್ರಾಯಗಳು ಎದ್ದಿವೆ ಎಂದು ತೋರುತ್ತದೆ. ಹಳ್ಳಿಗಳ ಬಯಲು ವೇದಿಕೆ ಮತ್ತು ಧ್ವನಿ ವ್ಯವಸ್ಥೆಯಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ನಾನು ಮೊದಲು ನೋಡುವುದು ಗಡಿಯಾರವನ್ನು. ಫೆಬ್ರುವರಿಯಲ್ಲಿ ನಿಮ್ಮ ಕಡೆ ಸೂರ್ಯ ಮುಳುಗುವುದು ಸುಮಾರು 6.30ಕ್ಕೆ, ರಾತ್ರಿ 10ಕ್ಕೆ ಬಯಲಿನ ಶಬ್ದ ನಿಲ್ಲಬೇಕು. ನಡುವೆ ಉಳಿಯುವ ಮೂರೂವರೆ ಗಂಟೆಯನ್ನು ಯಾವುದಕ್ಕೆ ಕೊಡುತ್ತೀರಿ ಎಂಬುದನ್ನು ತೀರ್ಮಾನಿಸಿಕೊಂಡರೆ ಯಾವ ಪ್ರಸಂಗ (ಆಡುವ ಕಥೆ), ಎಷ್ಟು ಬಾಕ್ಸ್, ಯಾವ ತಾರೀಕು ಎಂಬ ಉಳಿದ ಪ್ರಶ್ನೆಗಳು ಬಹುಮಟ್ಟಿಗೆ ಅದರ ಹಿಂದೆಯೇ ಇತ್ಯರ್ಥವಾಗುತ್ತವೆ.

ಕಾನೂನಿನಿಂದ ಆರಂಭಿಸುತ್ತೇನೆ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಿರುವುದು ಅಲ್ಲಿಯೇ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು, ಮತ್ತು ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ಸುಪ್ರೀಂ ಕೋರ್ಟ್ 2005ರಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳ ಸಂದರ್ಭದಲ್ಲಿ, ವರ್ಷಕ್ಕೆ ಒಟ್ಟು 15 ದಿನ ಮೀರದಂತೆ, 10ರಿಂದ 12ರ ವರೆಗೆ ಸಡಿಲಿಕೆ ಕೊಡುವ ಅಧಿಕಾರ ಇರುವುದು ರಾಜ್ಯ ಸರ್ಕಾರಕ್ಕೆ. ಠಾಣೆಯವರು "ಆಗಲಿ, ಹನ್ನೆರಡರ ತನಕ ನಡೆಸಿ" ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದು ಅನುಮತಿಯಲ್ಲ. ದೂರು ಬಂದ ಕೂಡಲೇ ಅದೇ ಠಾಣೆಯವರು ಬಂದು ನಿಲ್ಲಿಸಬೇಕಾಗುತ್ತದೆ, ಮತ್ತು ಅವರನ್ನು ದೂರುವಂತೆಯೂ ಇರುವುದಿಲ್ಲ. ನಿಮ್ಮಲ್ಲಿ ಕಳೆದ ವರ್ಷ ನಡೆದದ್ದು ಬಹುಶಃ ಇಂಥದ್ದೇ.

ಇನ್ನು ಹಿರಿಯರು ಹೇಳುವ ಮೈಕಿಲ್ಲದ ಆಟ. ಭಾವನಾತ್ಮಕವಾಗಿ ನನಗೂ ಅದು ಇಷ್ಟವೇ; ಗ್ಯಾಸ್‌ಲೈಟಿನ ಕಾಲದಲ್ಲಿ ಭಾಗವತರು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು-ಮೂರು, ಕಪ್ಪು-ನಾಲ್ಕರ ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದುದಕ್ಕೆ ಬಯಲಿನ ಕೊನೆಗೆ ದನಿ ಮುಟ್ಟಿಸಬೇಕಾದ ಅಗತ್ಯವೂ ಒಂದು ಕಾರಣ. ಆದರೆ 2010ರಲ್ಲಿ ನಿಯಮಗಳಿಗೆ ತಂದ ತಿದ್ದುಪಡಿಯಲ್ಲಿ ಧ್ವನಿವರ್ಧಕದ ಜೊತೆಗೆ ಸಂಗೀತ ವಾದ್ಯಗಳ ಹೆಸರೂ ಸೇರಿದೆ. ಚಂಡೆ ಮೈಕಿಲ್ಲದೆಯೇ ಮೈಲು ದೂರ ಕೇಳುವ ವಾದ್ಯ. ಆದ್ದರಿಂದ "ಮೈಕ್ ಇಲ್ಲದಿದ್ದರೆ ಕಾನೂನು ತಗಲುವುದಿಲ್ಲ" ಎಂಬ ಭರವಸೆಯ ಮೇಲೆ ಇಡೀ ರಾತ್ರಿಯ ಆಟಕ್ಕೆ ವೀಳ್ಯ ಕೊಟ್ಟು ಮೇಳವನ್ನು ಗೊತ್ತು ಮಾಡಬೇಡಿ.

ಹಾಗಿದ್ದರೆ ಕರಾವಳಿಯಲ್ಲಿ ಬೆಳಗಿನ ತನಕ ಆಟ ನಡೆಯುತ್ತದಲ್ಲ ಎಂದು ನೀವು ಕೇಳಬಹುದು. ಕಟೀಲು ದೇವಸ್ಥಾನದ ಯಕ್ಷಗಾನ ತಂಡಗಳಾದ ಕಟೀಲು ಮೇಳಗಳು 2022ರ ತಿರುಗಾಟದಲ್ಲಿ, ಅಂದರೆ ಊರೂರು ಸುತ್ತಿ ಆಡುವ ಋತುವಿನಲ್ಲಿ, ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದವು. ಮರುವರ್ಷ ವಿಷಯ ಹೈಕೋರ್ಟಿಗೆ ಹೋಗಿ, ಶಬ್ದದ ನಿಯಮಗಳನ್ನು ಪಾಲಿಸಬೇಕೆಂಬ ಷರತ್ತಿನ ಮೇಲೆ ಇಡೀ ರಾತ್ರಿಯ ಆಟಕ್ಕೆ ಮತ್ತೆ ದಾರಿಯಾಯಿತು. ಅದು ಹರಕೆಯ ಆಟಗಳ ದೀರ್ಘ ಪರಂಪರೆಯಿರುವ ಮೇಳದ ಪ್ರಕರಣ. ಆ ಆದೇಶದ ಪತ್ರಿಕಾ ವರದಿಯನ್ನು ಕತ್ತರಿಸಿ ನಿಮ್ಮ ಅರ್ಜಿಗೆ ಲಗತ್ತಿಸಿದ ಮಾತ್ರಕ್ಕೆ ನಿಮ್ಮ ಸಂಘಕ್ಕೂ ಅದೇ ಅನ್ವಯಿಸುವುದಿಲ್ಲ.

ಇನ್ನೊಂದು ವಿಷಯವನ್ನು ಸಂಘಟಕರು ಗಮನಿಸುವುದೇ ಅಪರೂಪ. 10 ಗಂಟೆಯ ಮೊದಲು ಎಷ್ಟು ಬೇಕಾದರೂ ಜೋರಾಗಿ ಹಾಕಬಹುದು ಎಂದು ನಿಯಮ ಹೇಳಿಲ್ಲ. ಕಾರ್ಯಕ್ರಮದ ಜಾಗದ ಗಡಿಯಲ್ಲಿ ಶಬ್ದವು ಆ ಪ್ರದೇಶದ ನಿಗದಿತ ಮಟ್ಟಕ್ಕಿಂತ 10 ಡೆಸಿಬೆಲ್ ಹೆಚ್ಚು ಅಥವಾ ಒಟ್ಟು 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಪ್ರದೇಶಕ್ಕೆ ಹಗಲಿನ ಮಟ್ಟ 55 ಆದ್ದರಿಂದ ನಿಮ್ಮ ಬಯಲಿನ ಅಂಚಿನಲ್ಲಿ 65. ಇಬ್ಬರು ಎದುರುಬದುರು ಕುಳಿತು ಮಾತನಾಡುವ ದನಿಯೇ 60ರ ಆಸುಪಾಸಿನಲ್ಲಿರುತ್ತದೆ ಎಂದರೆ ಈ ಮಿತಿ ಎಷ್ಟು ಬಿಗಿಯಾದದ್ದೆಂದು ತಿಳಿಯುತ್ತದೆ. ನಾಲ್ಕು ಬಾಕ್ಸ್ ಹೆಚ್ಚಿಸುವ ಸಲಹೆಯನ್ನು ಈ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು ಕಾಲಮಿತಿಯ ಆಟ: 6.30ಕ್ಕೆ ಚಂಡೆ ಬಡಿದು 9.50ಕ್ಕೆ ಮಂಗಳ. ಕಾಲಮಿತಿಯೆಂದರೆ ಕಲೆಗೆ ಅಪಚಾರವೆಂದು ಹೇಳುವವರಿದ್ದಾರೆ; ಆದರೆ ಶಿವರಾಮ ಕಾರಂತರು ದಶಕಗಳ ಹಿಂದೆಯೇ ಎರಡು ಮೂರು ಗಂಟೆಯ ಪ್ರಯೋಗಗಳನ್ನು ಕಟ್ಟಿದರು, 1934ರಲ್ಲಿ ಹುಟ್ಟಿದ ಕೆರೆಮನೆಯವರ ಇಡಗುಂಜಿ ಮೇಳವು ಅಂಥ ಪ್ರದರ್ಶನಗಳನ್ನು ದೇಶವಿದೇಶಗಳಲ್ಲಿ ಆಡಿ ತೋರಿಸಿದೆ. ಅಪಾಯ ಇರುವುದು ಕತ್ತರಿಸುವ ರೀತಿಯಲ್ಲಿ. ಇಡೀ ರಾತ್ರಿಯ ಎರಡು ಪ್ರಸಂಗಗಳನ್ನು ಮೂರು ಗಂಟೆಗೆ ತುರುಕಿದರೆ ಪದ್ಯಗಳು ಓಡುತ್ತವೆ, ಅರ್ಥಗಾರಿಕೆ (ಪಾತ್ರಗಳ ಮಾತು) ಉಳಿಯುವುದಿಲ್ಲ, ಕೊನೆಗೆ ಯುದ್ಧದ ಕುಣಿತವೊಂದೇ ನೆನಪಿನಲ್ಲಿರುತ್ತದೆ. ಸುಧನ್ವಾರ್ಜುನ, ಗದಾಯುದ್ಧ, ಭೀಷ್ಮ ವಿಜಯ ಇಂಥ ಒಂದೇ ಆಖ್ಯಾನವನ್ನು ಹಿಡಿಯಿರಿ, ಯಾವ ಪದ್ಯಗಳನ್ನು ಬಿಡಬೇಕೆಂಬುದನ್ನು ಭಾಗವತರಿಗೇ ಬಿಡಿ. ಜೊತೆಗೆ, ನಾಲ್ಕು ಮೇಳಗಳ ಅತಿಥಿ ಕಲಾವಿದರನ್ನು ಸೇರಿಸುವ ಕೂಡಾಟದ ಆಸೆಯನ್ನು ಈ ಸಲಕ್ಕೆ ಬಿಡಿ. ಅತಿಥಿಗಳು ಬೇರೊಂದು ಆಟ ಮುಗಿಸಿ ಬರುವವರು. ಕಿರೀಟವೇಷದ ಮುಖವರ್ಣಿಕೆಗೂ ವೇಷ ಕಟ್ಟುವುದಕ್ಕೂ ಗಂಟೆಗಟ್ಟಲೆ ಬೇಕು. ಒಬ್ಬರು ಚೌಕಿಗೆ, ಅಂದರೆ ಬಣ್ಣದ ಮನೆಗೆ, ತಡವಾಗಿ ಬಂದರೆ ಉಳಿದವರು ಅದೇ ಪ್ರವೇಶವನ್ನು ಎಳೆಯಬೇಕಾಗುತ್ತದೆ. ಇಡೀ ರಾತ್ರಿಯ ಆಟದಲ್ಲಿ ಅರ್ಧ ಗಂಟೆಯ ಎಳೆತ ಯಾರಿಗೂ ತಿಳಿಯುತ್ತಿರಲಿಲ್ಲ. ಮೂರು ಗಂಟೆಯ ಆಟದಲ್ಲಿ ಅದು ಪ್ರಸಂಗವನ್ನೇ ಕೆಡಿಸುತ್ತದೆ. ಒಟ್ಟಾಗಿ ಆಡಿ ರೂಢಿಯಿರುವ ಒಂದೇ ಮೇಳವನ್ನು ಕರೆಯುವುದು ಮೇಲು.

ಎರಡನೆಯ ದಾರಿ, ಹಿರಿಯರ ಆಸೆಗೆ ಹತ್ತಿರವಾದದ್ದು. ಸಭಾಭವನದಂಥ ಮುಚ್ಚಿದ ಆವರಣದೊಳಗಿನ ಬಳಕೆಗೆ ರಾತ್ರಿಯ ನಿರ್ಬಂಧದಿಂದ ವಿನಾಯಿತಿ ಇದೆ. ಹತ್ತರ ನಂತರ ದೇವಸ್ಥಾನದ ಸಭಾಭವನದೊಳಗೆ, ನಿಜವಾಗಿ ರಾತ್ರಿ ಕೂರಬಲ್ಲ ಅರವತ್ತು ಎಪ್ಪತ್ತು ಮಂದಿಗೆ ತಾಳಮದ್ದಳೆ ಇಟ್ಟುಕೊಳ್ಳಬಹುದು. ವೇಷವಿಲ್ಲ, ರಂಗಸ್ಥಳವಿಲ್ಲ, ಎರಡು ಮೈಕು ಸಾಕು, ಮಾತಿಗೆ ಬೇಕಾದಷ್ಟು ಹೊತ್ತು. ಕಿಟಕಿ ಬಾಗಿಲು ಮುಚ್ಚಿದಾಗ ಪಕ್ಕದ ಮನೆಗೆ ಎಷ್ಟು ಕೇಳುತ್ತದೆಂದು ಮೊದಲೇ ನೋಡಿಕೊಳ್ಳಿ, ಚಂಡೆಯನ್ನು ಹಿತವಾಗಿ ಬಳಸಲು ಹೇಳಿ. ಶಾಮಿಯಾನಕ್ಕೆ ಮೂರು ಕಡೆ ಪರದೆ ಕಟ್ಟಿ ಅದನ್ನು ಮುಚ್ಚಿದ ಆವರಣವೆಂದು ಅರ್ಜಿಯಲ್ಲಿ ಬರೆದ ಸಂಘಟಕರನ್ನೂ ನಾನು ಕಂಡಿದ್ದೇನೆ. ಆ ವಾದ ನಿಲ್ಲುವುದಿಲ್ಲ.

ಗಾಯನದ ವಿಷಯದಲ್ಲಿ ನನಗೆ ಇನ್ನೂ ಇಷ್ಟವಾದ ಸಾಧ್ಯತೆಯೊಂದಿದೆ. ಸಂಜೆಯ ಕಛೇರಿಗೆ ಹತ್ತರ ಮಿತಿ ಹಾಕಿದರೆ ಗಾಯಕರು ಯಮನ್, ಮಾರು ಬಿಹಾಗ್ ರಾಗಗಳ ಸುತ್ತಲೇ ಇರಬೇಕು. ತಡರಾತ್ರಿಯ ರಾಗಗಳಾದ ದರ್ಬಾರಿ, ಮಾಲಕಂಸಗಳ ಹೊತ್ತು ಬರುವಷ್ಟರಲ್ಲಿ ಮೈಕ್ ಆರಿರುತ್ತದೆ. ಆದರೆ ನಿಯಮದ ಹಗಲು ಬೆಳಿಗ್ಗೆ 6ಕ್ಕೇ ಆರಂಭವಾಗುತ್ತದೆ. ಎರಡನೆಯ ದಿನ ಬೆಳಿಗ್ಗೆ 6.30ಕ್ಕೆ ಸಭಾಭವನದಲ್ಲೋ ದೊಡ್ಡ ಮನೆಯ ಜಗುಲಿಯಲ್ಲೋ ಬೈಠಕ್ ಇಟ್ಟರೆ ಭೈರವ್, ಅಹಿರ್ ಭೈರವ್, ತೋಡಿಗಳನ್ನು ಅವುಗಳ ಸಮಯದಲ್ಲೇ ಕೇಳಬಹುದು. ಪಟ್ಟಣದ ಸಭಾಂಗಣಗಳಲ್ಲಿ ಅದು ಅಪರೂಪ. ತೊಂದರೆ ಎರಡು: ಕೊಟ್ಟಿಗೆ ಕೆಲಸವಿರುವ ಮನೆಯವರು ಎಂಟಕ್ಕೆ ಮೊದಲು ಬರಲಾರರು, ಮತ್ತು ಗಾಯಕರು ಹಿಂದಿನ ದಿನವೇ ಬಂದು ಉಳಿಯಬೇಕಾಗುತ್ತದೆ. ಜನ ಕಡಿಮೆಯಿರುತ್ತಾರೆಂದು ಒಪ್ಪಿಕೊಂಡು ಮಾಡಿ.

ಈ ಯಾವ ದಾರಿಯೂ ಫಲಿಸದಂತೆ ಮಾಡುವುದು ಸಭಾ ಕಾರ್ಯಕ್ರಮ. ಕಳೆದ ವರ್ಷ ನಿಮ್ಮ ಆಟ ಒಂಬತ್ತೂವರೆಗೆ ಶುರುವಾಯಿತೆಂದು ಬರೆದಿದ್ದೀರಿ. ಏಕೆ ತಡವಾಯಿತೆಂದು ಬರೆದಿಲ್ಲ, ನನಗೆ ಕೇಳಬೇಕಾಗಿಯೂ ಇಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಉದ್ಘಾಟಕರ ಮಾತು, ಮುಖ್ಯ ಅತಿಥಿಗಳ ಮಾತು, ಬಂದೇ ಬರುತ್ತೇನೆಂದು ಹೇಳಿದ ಇನ್ನೊಬ್ಬ ಅತಿಥಿಗಾಗಿ ಕಾಯುವುದು, ಸನ್ಮಾನ, ಸನ್ಮಾನಿತರ ಅನಿಸಿಕೆ, ನೆನಪಿನ ಕಾಣಿಕೆ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಇವೆಲ್ಲ ಬೇಡವೆಂದು ನಾನು ಹೇಳಲಾರೆ. ದೇಣಿಗೆ ಕೊಟ್ಟವರನ್ನು ವೇದಿಕೆಗೆ ಕರೆಯದೆ ಹಳ್ಳಿಯಲ್ಲಿ ಉತ್ಸವ ನಡೆಯುವುದಿಲ್ಲ. ಸಭೆಯನ್ನು ಸಂಜೆ 4.30ಕ್ಕೆ, ಚಹಾದ ಜೊತೆಗೆ ಮುಗಿಸಿ. ಕಲಾವಿದರು ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಹೊತ್ತೂ ಅದೇ. ಅದು ಆಗದಿದ್ದರೆ ಆಟದ ನಡುವೆ ಹದಿನೈದು ನಿಮಿಷದಲ್ಲಿ ಸನ್ಮಾನ ಮಾತ್ರ ಇಡಿ, ಭಾಷಣ ಬೇಡ. ಆಹ್ವಾನ ಪತ್ರಿಕೆಯಲ್ಲಿ ಆಟ ಆರಂಭವಾಗುವ ಸಮಯವನ್ನು ಅತಿಥಿಗಳ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಆ ಸಮಯಕ್ಕೇ ಶುರು ಮಾಡಿ. ಒಂದು ವರ್ಷ ಖಾಲಿ ಕುರ್ಚಿಗಳಿಗೆ ಆಡಿದಂತಾದರೂ ಮರುವರ್ಷ ಜನ ಹೊತ್ತಿಗೆ ಬರುತ್ತಾರೆ.

ಈಗ ನನ್ನ ಕಸುಬಿನ ಮಾತು, ಅಂದರೆ ಧ್ವನಿ. ನಿಮ್ಮ ಅನುಭವದ ವೈಚಿತ್ರ್ಯಕ್ಕೆ, ಅಂದರೆ ಬಯಲಿನ ಹಿಂದಿನ ಸಾಲಿಗೆ ಪದ್ಯ ತಿಳಿಯದೆ ಹಳ್ಳದಾಚೆಗೆ ಸದ್ದು ಕೇಳಿದ್ದಕ್ಕೆ, ಸರಳವಾದ ಕಾರಣಗಳಿವೆ. ಹಗಲಿನಲ್ಲಿ ನೆಲ ಬಿಸಿಯಾಗಿ ಅದರ ಮೇಲಿನ ಗಾಳಿ ಬೆಚ್ಚಗಿರುತ್ತದೆ, ಆಗ ಶಬ್ದ ಮೇಲಕ್ಕೆ ಬಾಗಿ ಚದುರಿಹೋಗುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುವುದರಿಂದ ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆಯ ಗಾಳಿ. ಮೇಲಕ್ಕೆ ಹೋದ ಶಬ್ದವೂ ಬಾಗಿ ನೆಲದ ಕಡೆಗೇ ಬರುತ್ತದೆ. ನಿಮ್ಮಲ್ಲಿಯಂತೆ ನಡುವೆ ಹಳ್ಳ, ಆಚೆ ದಿಬ್ಬ ಇದ್ದರೆ ಅದು ಆ ದಿಬ್ಬದ ಮನೆಗಳಿಗೇ ತಲುಪುತ್ತದೆ. ಹಾಗೆ ದೂರ ಹೋಗುವುದು ಮುಖ್ಯವಾಗಿ ತಗ್ಗಿನ, ಗುಂಯ್‌ಗುಡುವ ಸದ್ದು. ಪದಗಳ ಸ್ಪಷ್ಟತೆ ಇರುವುದು ವ್ಯಂಜನಗಳ ಎತ್ತರದ ಸದ್ದಿನಲ್ಲಿ. ಅದು ದಾರಿಯಲ್ಲೇ ಕುಗ್ಗುತ್ತದೆ. ಆದ್ದರಿಂದ ಹಳ್ಳದಾಚೆಯವರಿಗೆ ಕೇಳಿದ್ದೂ ಪದ್ಯವಲ್ಲ, ಗದ್ದಲ.

ಹಿಂದಿನ ಸಾಲಿನ ಸಮಸ್ಯೆ ಇನ್ನೊಂದು. ಎಲ್ಲ ಬಾಕ್ಸುಗಳನ್ನು ರಂಗಸ್ಥಳದ ಎರಡು ಬದಿಗೆ ಒಟ್ಟಿ ಇಟ್ಟರೆ, ದೂರ ಎರಡರಷ್ಟಾದಂತೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಿಂದಿನವರಿಗೆ ಕೇಳಲೆಂದು ಹೆಚ್ಚಿಸಿದರೆ ಮುಂದಿನವರು ಕಿವಿ ಮುಚ್ಚಿಕೊಳ್ಳಬೇಕು, ಮೈಕ್ ಸಿಳ್ಳೆ ಹಾಕಲು ತೊಡಗುತ್ತದೆ. ಮೈಕ್‌ನವರು ಕೇಳುವ ಇನ್ನೂ ನಾಲ್ಕು ಬಾಕ್ಸುಗಳನ್ನು ಅದೇ ಜಾಗದಲ್ಲಿ ಇಟ್ಟರೆ ಇದೇ ರೋಗ ಉಲ್ಬಣಿಸುತ್ತದೆ. ಬದಲಿಗೆ ರಂಗಸ್ಥಳದ ಬಳಿ ಎರಡು, ಪ್ರೇಕ್ಷಕರ ಮಧ್ಯಭಾಗದ ಇಕ್ಕೆಲಗಳಲ್ಲಿ ಎರಡು ಸಣ್ಣ ಬಾಕ್ಸುಗಳನ್ನು ಆಳೆತ್ತರಕ್ಕಿಂತ ತುಸು ಮೇಲೆ ಇಟ್ಟು, ಮುಖವನ್ನು ಕುಳಿತವರ ಕಡೆಗೆ ಕೆಳಗೆ ಬಾಗಿಸಿ, ಎಲ್ಲವನ್ನೂ ಸಣ್ಣ ದನಿಯಲ್ಲಿ ಓಡಿಸಬೇಕು. ಒಟ್ಟು ಶಬ್ದ ಕಡಿಮೆ, ತಿಳಿಯುವುದು ಹೆಚ್ಚು. ಇಲ್ಲಿ ಒಂದು ಎಚ್ಚರಿಕೆ: ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ತಂತಿಯಲ್ಲಿ ಹೋಗುವ ಸಂಕೇತಕ್ಕೆ ಹೊತ್ತೇ ಬೇಡ. 25 ಮೀಟರ್ ಹಿಂದಿರುವ ಬಾಕ್ಸಿನ ದನಿಯನ್ನು ಮಿಕ್ಸರಿನಲ್ಲಿ ಸುಮಾರು 75 ಮಿಲಿಸೆಕೆಂಡು ತಡಮಾಡದಿದ್ದರೆ ಪ್ರತಿ ಮಾತೂ ಎರಡೆರಡು ಸಲ ಕೇಳಿ ಮತ್ತೆ ಗೊಂದಲವೇ. ಇಂದಿನ ಡಿಜಿಟಲ್ ಮಿಕ್ಸರುಗಳಲ್ಲಿ ಈ ಸೌಲಭ್ಯ ಇದೆ. ನಿಮ್ಮ ಮೈಕ್‌ನವರ ಬಳಿ ಇಲ್ಲವಾದರೆ ಹಿಂದಿನ ಬಾಕ್ಸುಗಳನ್ನು ಹತ್ತು ಹನ್ನೆರಡು ಮೀಟರಿಗಿಂತ ಹಿಂದಕ್ಕೆ ಒಯ್ಯಬೇಡಿ.

ಮೈಕುಗಳ ಸಂಖ್ಯೆಯನ್ನೂ ಇಳಿಸಿ. ತೆರೆದಿರುವ ಮೈಕುಗಳು ಎರಡರಷ್ಟಾದಾಗಲೆಲ್ಲ ಸಿಳ್ಳೆಗೆ ಮೊದಲು ಸಿಗುವ ದನಿಯಲ್ಲಿ ಸುಮಾರು 3 ಡೆಸಿಬೆಲ್ ಕಳೆದುಕೊಳ್ಳುತ್ತೀರಿ. ರಂಗಸ್ಥಳದ ಮೇಲೆ ಆರು ತೂಗುಮೈಕುಗಳನ್ನು ಇಡೀ ಹೊತ್ತು ತೆರೆದಿಡುವುದಕ್ಕಿಂತ, ಮುಂಭಾಗದಲ್ಲಿ ಎರಡೋ ಮೂರೋ ಇಟ್ಟು, ಕುಣಿತದ ಹೊತ್ತಿಗೆ ಅವುಗಳನ್ನು ತಗ್ಗಿಸಿ ಅರ್ಥದ ಹೊತ್ತಿಗೆ ಏರಿಸುವ ಮನುಷ್ಯನೊಬ್ಬ ಮಿಕ್ಸರಿನ ಮುಂದೆ ಕುಳಿತಿರಬೇಕು. ಎಷ್ಟೋ ಕಡೆ ಆ ಕುರ್ಚಿ ಖಾಲಿಯಿರುತ್ತದೆ, ಮಿಕ್ಸರ್ ರಂಗಸ್ಥಳದ ಹಿಂದೆ ಇರುತ್ತದೆ. ಅಲ್ಲಿಂದ ಬಯಲಿನಲ್ಲಿ ಏನು ಕೇಳುತ್ತಿದೆಯೆಂದು ಯಾರಿಗೆ ಗೊತ್ತಾಗಬೇಕು? ನಿಮ್ಮ ಕಡೆಯ ಬಡಗುತಿಟ್ಟಿನ ಯಕ್ಷಗಾನದಲ್ಲಿ ಹಿಮ್ಮೇಳ, ಅಂದರೆ ಹಾಡುವವರು ಮತ್ತು ವಾದ್ಯದವರು, ರಂಗಸ್ಥಳದ ಹಿಂಭಾಗದಲ್ಲಿ ಒಟ್ಟಿಗೇ ಕೂರುವುದರಿಂದ ಭಾಗವತರ ಮೈಕಿಗೆ ಚಂಡೆ ನುಗ್ಗುತ್ತದೆ. ಚಂಡೆಗೆ ಮೈಕ್ ಕೊಡಲೇಬೇಡಿ. ಭಾಗವತರ ಮೈಕನ್ನು ಬಾಯಿಗೆ ಒಂದು ಗೇಣಿನೊಳಗೆ ತಂದು, ಅದರ ಬೆನ್ನು ಚಂಡೆಯ ಕಡೆಗಿರುವಂತೆ ತಿರುಗಿಸಿ. ಬಾಯಿಂದ ಮೈಕಿನ ದೂರ ಅರ್ಧವಾದರೆ ದನಿಯಲ್ಲಿ 6 ಡೆಸಿಬೆಲ್ ಗಳಿಕೆ. ಆ ಮೈಕಿನಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಕತ್ತರಿಸಿದರೆ ಪದ್ಯಕ್ಕೆ ನಷ್ಟವಿಲ್ಲ, ಹಳ್ಳದಾಚೆಯವರ ನಿದ್ದೆಗೆ ಲಾಭವಿದೆ. ಉಳಿದಂತೆ, ದೀಪಕ್ಕೂ ಧ್ವನಿಗೂ ಬೇರೆ ಬೇರೆ ಲೈನ್ ಎಳೆಸಿ, ಜನರೇಟರನ್ನು ದೂರವಿಡಿ, ಅರ್ಥಿಂಗ್ ಸರಿಯಿದೆಯೇ ನೋಡಿಸಿ. ಗಾಯನದ ದಿನ ಇಬ್ಬನಿ ಬೀಳದಂತೆ ವೇದಿಕೆಯ ಮೇಲೆ ಸೂರು ಇರಲಿ. ತಂಪಿಗೆ ತಬಲಾದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ, ಪ್ರತಿ ಚೀಜಿನ (ಹಾಡಿನ) ನಡುವೆ ತಬಲಾ ಶ್ರುತಿ ಮಾಡುವ ಸುತ್ತಿಗೆಯ ಸದ್ದು ಕೇಳಬೇಕಾಗುತ್ತದೆ.

ಜನ ಬರುವುದಿಲ್ಲವೆಂಬ ಮಾತು. ಟಿವಿ, ಮೊಬೈಲು ಕಾರಣವೆಂಬುದರಲ್ಲಿ ಸತ್ಯ ಇಲ್ಲದಿಲ್ಲ, ಆದರೆ ನೀವು ಕೈಹಾಕಬಹುದಾದ ಕಾರಣಗಳು ಬೇರೆ ಇವೆ. ಅಡಿಕೆ ಕೊಯ್ಲು ಮುಗಿಯದ ವಾರದಲ್ಲಿ ಉತ್ಸವ ಇಟ್ಟರೆ ಅರ್ಧ ಊರು ಸಂಜೆ ಅಡಿಕೆ ಸುಲಿಯುತ್ತ ಕುಳಿತಿರುತ್ತದೆ, ಬೇಯಿಸುವ ಹಂಡೆಯ ಮುಂದೆ ಒಬ್ಬರಾದರೂ ಇರಲೇಬೇಕು. ಫೆಬ್ರುವರಿ ಕೊನೆಗೆ ತಳ್ಳಿದರೆ ಪರೀಕ್ಷೆ ಹತ್ತಿರವಾಗಿ, ಎಸ್‌ಎಸ್‌ಎಲ್‌ಸಿ ಮಕ್ಕಳಿರುವ ಮನೆಯವರು ಬರುವುದಿಲ್ಲ. ದೂರು ಕೊಡುವವರೂ ಹೆಚ್ಚಾಗಿ ಅವರೇ, ಅದು ತಪ್ಪೂ ಅಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ ಇದೇ ಹೊತ್ತಿಗೆ ಬರುತ್ತವೆ. ಆ ವಾರಗಳಲ್ಲಿ ಮೇಳಗಳೂ ಸಿಗುವುದಿಲ್ಲ, ಜನರ ಕೈಯಲ್ಲಿ ಹಣವೂ ಉಳಿದಿರುವುದಿಲ್ಲ. ಸುತ್ತಲಿನ ಏಳೆಂಟು ಊರುಗಳ ದೇವಕಾರ್ಯ, ಮದುವೆಯ ದಿನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಶುಕ್ಲಪಕ್ಷದ ಶನಿವಾರವೊಂದನ್ನು ಆರಿಸಿ. ಹತ್ತು ಗಂಟೆಗೆ ಕಾಡುದಾರಿಯಲ್ಲಿ ಹಿಂದಿರುಗುವ ಹೆಂಗಸರಿಗೂ ವಯಸ್ಸಾದವರಿಗೂ ಬೆಳದಿಂಗಳು ಒಂದು ಆಸರೆ, ಎರಡು ದಿಕ್ಕಿಗೆ ಎರಡು ಜೀಪು ಗೊತ್ತು ಮಾಡಿದರೆ ಇನ್ನೂ ದೊಡ್ಡ ಆಸರೆ. ಬ್ಯಾನರಿಗೆ ಹಾಕುವ ಹಣದಲ್ಲಿ ಇದಾಗುತ್ತದೆ.

ಆರ್ಕೆಸ್ಟ್ರಾ ಕರೆಸುವ ಹುಡುಗರ ಆಸೆಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಅದನ್ನು ಯಕ್ಷಗಾನದ ದಿನಕ್ಕೇ ಸೇರಿಸಿದರೆ ನಿಮ್ಮ ಮೂರೂವರೆ ಗಂಟೆಯಲ್ಲಿ ಒಂದೂವರೆ ಹೋಯಿತು, ಅದಕ್ಕೆ ಬೇಕಾದ ಬೇಸ್ ಬಾಕ್ಸುಗಳು 65 ಡೆಸಿಬೆಲ್‌ಗೆ ಒಗ್ಗುವುದಿಲ್ಲ, ಮತ್ತು ಹಾಡು ಕೇಳಲು ಬಂದವರು ಚೌಕಿಪೂಜೆಯ ಹೊತ್ತಿಗೆ ಎದ್ದು ಹೋಗುತ್ತಾರೆ. ಕೃತಿಸ್ವಾಮ್ಯದ ಪ್ರಶ್ನೆಯೂ ಇದೆ: ಹವ್ಯಾಸಿ ಸಂಘವು ಟಿಕೆಟಿಲ್ಲದೆ ನಡೆಸುವ ಪ್ರದರ್ಶನಕ್ಕೆ 1957ರ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಸಂಭಾವನೆ ಪಡೆದು ಬರುವ ವೃತ್ತಿಪರ ತಂಡಕ್ಕೆ ಆ ರಕ್ಷಣೆ ಸಿಗುತ್ತದೆಂದು ನಂಬಿ ಕೂರುವುದು ಸರಿಯಲ್ಲ, ಪರವಾನಗಿ ಯಾರ ಹೊಣೆಯೆಂದು ತಂಡದವರೊಡನೆ ಮೊದಲೇ ಬರೆದುಕೊಳ್ಳಿ. ಇದು ಸಿನಿಮಾ ಹಾಡಿಗೆ ಮಾತ್ರವಲ್ಲ. ಹೊಸ ಪ್ರಸಂಗವಾದರೆ ಕವಿಯ ಜೀವಿತಕಾಲ ಮತ್ತು ಆನಂತರದ 60 ವರ್ಷ ಹಕ್ಕು ಇರುತ್ತದೆ. ಕಾರಂತರ ಯಕ್ಷಗಾನ ಪ್ರಯೋಗಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ 2009ರಲ್ಲಿ ತೀರ್ಪಾಯಿತು. ಹುಡುಗರನ್ನು ಒಳಗೆ ತರಬೇಕೆಂದರೆ ಮಿಕ್ಸರಿನ ಮುಂದಿನ ಆ ಖಾಲಿ ಕುರ್ಚಿಯಲ್ಲಿ ಒಬ್ಬನನ್ನು ಕೂರಿಸಿ, ಇನ್ನಿಬ್ಬರಿಗೆ ಗಡಿಯ ಶಬ್ದ ಅಳೆಯುವ ಕೆಲಸ ಕೊಡಿ. ಮೊಬೈಲಿನ ಅಳತೆ ಕರಾರುವಾಕ್ಕಲ್ಲ, ಆದರೆ 65ರ ಬದಲು 80 ಇದ್ದರೆ ಅದು ಖಂಡಿತ ತೋರಿಸುತ್ತದೆ.

ಧ್ವನಿವರ್ಧಕದ ಅನುಮತಿಗೆ ಅರ್ಜಿಯನ್ನು ಒಂದು ತಿಂಗಳು ಮೊದಲೇ ಕೊಡಿ. ಶಬ್ದದ ನಿಯಮಗಳ ಪ್ರಕಾರ ಅಧಿಕಾರವಿರುವುದು ಜಿಲ್ಲಾಧಿಕಾರಿ, ಪೊಲೀಸ್ ಆಯುಕ್ತರು ಅಥವಾ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನಿಯುಕ್ತ ಅಧಿಕಾರಿಗೆ. ಠಾಣೆಯ ಮೂಲಕ ಕೊಟ್ಟರೂ ಆದೇಶ ಯಾರ ಸಹಿಯಲ್ಲಿ ಬರುತ್ತದೆಂದು ನೋಡಿಕೊಳ್ಳಿ. ಆರಂಭ ಮತ್ತು ಮುಕ್ತಾಯದ ಸಮಯ, ಬಾಕ್ಸುಗಳ ಸಂಖ್ಯೆ ಮತ್ತು ದಿಕ್ಕು ಅರ್ಜಿಯಲ್ಲಿರಲಿ, ಅದೇ ವಿವರ ಮೈಕ್‌ನವರೊಂದಿಗಿನ ಒಪ್ಪಂದದಲ್ಲೂ ಇರಲಿ. ಹಳ್ಳದಾಚೆಯ ಕೇರಿಗೆ ಆಹ್ವಾನ ಪತ್ರಿಕೆಯನ್ನು ಹುಡುಗರ ಕೈಯಲ್ಲಿ ಕಳಿಸದೆ ಸಂಘದ ಹಿರಿಯರೇ ಹೋಗಿ ಕೊಟ್ಟು, ಆಟ ಹತ್ತಕ್ಕೆ ಮುಗಿಯುತ್ತದೆಂದು ಹೇಳಿ, ತೊಂದರೆಯಾದರೆ ಕರೆ ಮಾಡಲು ಒಬ್ಬರ ಫೋನ್ ನಂಬರು ಬರೆದುಕೊಟ್ಟು ಬನ್ನಿ. ಆ ಫೋನು ಅಂದು ರಾತ್ರಿ ಮಿಕ್ಸರಿನ ಪಕ್ಕದಲ್ಲಿರಬೇಕು.